ಗೆರಟೆಯಲ್ಲಿ ಬಂದ ಜ್ಯೋತಿ

ಸ್ನಾನ ಮುಗಿಸಿ ತಲೆ ಒರೆಸುತ್ತಾ ಜಗಲಿಗೆ ಬಂದವಳು ಮೊದಲು ನೋಡಿದ್ದು ಲಾಟೀನನ್ನೇ. ರಾತ್ರಿ ಮಲಗುವಾಗ ಹೆಬ್ಬೆರಳಿನಷ್ಟು ಎತ್ತರಕ್ಕೆ ನೆಟ್ಟಗೆ ಉರಿಯುತ್ತಿದ್ದ ಜ್ವಾಲೆ ಈಗ ಹೆಸರುಕಾಳಿನಷ್ಟಾಗಿತ್ತು. ನೀಲಿ ಬಣ್ಣಕ್ಕೆ ತಿರುಗಿ, ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತಿತ್ತು. ತಲೆ ಒರೆಸುವ ಬೈರಾಸನ್ನು ಅಲ್ಲೇ ಎಸೆದು ಮಂಡಿಯೂರಿ ಕೂತೆ.

ಅದು ಹಲವು ದೇಶಗಳು ಸೇರುವ ಒಂದು ಕ್ರೀಡಾಕೂಟದ ಜ್ಯೋತಿ. ದೆಹಲಿಯಲ್ಲಿ ಬಿಸಿಲಿಗೆ ಕನ್ನಡಿ ಹಿಡಿದು ಹೊತ್ತಿಸಿದ ಬೆಂಕಿಯನ್ನು ಊರಿಂದೂರಿಗೆ ದಾಟಿಸುತ್ತಾ ಇಲ್ಲಿವರೆಗೆ ತಂದಿದ್ದರು. ಪೇಟೆಯೊಳಗೆ ಓಟಗಾರರು ಗ್ಯಾಸಿನ ಪಂಜು ಹಿಡಿದು ಓಡುತ್ತಾರೆ. ಒಂದು ಪೇಟೆಯಿಂದ ಇನ್ನೊಂದು ಪೇಟೆಗೆ ಬೆಂಕಿ ಈ ಹಿತ್ತಾಳೆಯ ಲಾಟೀನಿನಲ್ಲಿ ಕೂತು ಜೀಪಿನಲ್ಲಿ ಹೋಗುತ್ತದೆ. ಸುಳ್ಯದಿಂದ ಕಡಬ, ಕಡಬದಿಂದ ಸವಣೂರು, ಅಲ್ಲಿಂದ ಪುತ್ತೂರಿನ ದರ್ಬೆ. ಇಷ್ಟು ದೂರಕ್ಕೆ ಲಾಟೀನಿನ ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದರು. ನಾನು ಹೈಸ್ಕೂಲಿನ ಪಿ.ಟಿ. ಟೀಚರ್. ಸೀಟಿ ಊದುವುದು, ಟ್ರ್ಯಾಕಿಗೆ ಸುಣ್ಣ ಹಾಕಿಸುವುದು, ತಡವಾಗಿ ಬಂದವರಿಗೆ ಬೈಯುವುದು ನನಗೆ ಚೆನ್ನಾಗಿ ಬರುತ್ತದೆ. ಬೆಂಕಿ ಕಾಯುವ ಕೆಲಸ ಮಾಡಿದವಳಲ್ಲ. "ನೀವು ಸ್ಟ್ರಿಕ್ಟ್ ಅಲ್ವಾ ಮೇಡಂ, ನಿಮ್ಮ ಹತ್ರ ಇದ್ರೆ ಅದು ಆರ್ಲಿಕ್ಕೆ ಹೆದರ್ತದೆ" ಎಂದು ಮೇಲಿನ ಅಧಿಕಾರಿ ನಗೆಚಾಟಿಕೆ ಮಾಡಿ ನನ್ನನ್ನು ಒಪ್ಪಿಸಿದ್ದರು.

ನಿಯಮದ ಪ್ರಕಾರ ಎರಡು ಲಾಟೀನು ಇರಬೇಕು. ಒಂದು ಆರಿದರೆ ಇನ್ನೊಂದರಿಂದ ಹೊತ್ತಿಸಲಿಕ್ಕೆ. ಆದರೆ ಸುಳ್ಯ ದಾಟುವಾಗ ಜೀಪು ಒಂದು ಗುಂಡಿಗೆ ಬಿದ್ದು ಎರಡನೆಯದರ ಗಾಜು ಒಡೆದು, ಅದನ್ನು ಸುಳ್ಯದಲ್ಲೇ ಬಿಟ್ಟು ಬಂದಿದ್ದೆವು. ಹಾಗಾಗಿ ಉಳಿದದ್ದು ಇದೊಂದೇ.

ಹಿಂದಿನ ದಿನ ಸಂಜೆ ಕಡಬ ಪೇಟೆಯ ಓಟ ಮುಗಿದ ಮೇಲೆ ನಾನು ಮತ್ತು ಲಾಟೀನು ರಬ್ಬರ್ ಬೆಳೆಗಾರರೊಬ್ಬರ ಮನೆಯಲ್ಲಿ ಉಳಿದಿದ್ದೆವು. ಅವರು ಸ್ವಾಗತ ಸಮಿತಿಯವರು. ಬೆಳಿಗ್ಗೆ ಅವರೂ ಅವರ ಹೆಂಡತಿಯೂ ರಬ್ಬರ್ ಹಾಲು ತೆಗೆಯಲು ಟ್ಯಾಪಿಂಗಿಗೆ ಹೋಗಿದ್ದರು. ಮನೆಯಲ್ಲಿ ಇದ್ದದ್ದು ಅವರ ತಾಯಿ. ಎಪ್ಪತ್ತು ದಾಟಿದ, ಚುರುಕು ಕೈಯ ಹೆಂಗಸು.

ನಾನು ಲಾಟೀನಿನ ಬತ್ತಿಯ ತಿರುಗಣೆ ಮೇಲೆ ಮಾಡಿದೆ. ಜ್ವಾಲೆ ಏಳಲಿಲ್ಲ. ಎಣ್ಣೆ ಮುಗಿಯಿತೇನೋ ಎಂದು ಪಕ್ಕದ ಮುಚ್ಚಳ ಬಿಚ್ಚಿ ನೋಡಿದರೆ ತೊಟ್ಟಿ ಕಂಠದವರೆಗೆ ತುಂಬಿತ್ತು. ತುಂಬಿದ್ದು ಸಂಘಟಕರು ಕೊಟ್ಟ ನೀರಿನಂಥ ತೆಳು ಎಣ್ಣೆಯಲ್ಲ. ಮೇಲೆ ಬೆಳ್ಳಗೆ ಕೆನೆಗಟ್ಟಿದ ಹಾಗೆ ಏನೋ ತೇಲುತ್ತಿತ್ತು. ಬೆರಳಿನಲ್ಲಿ ಮುಟ್ಟಿ ಮೂಸಿದೆ. ಹೊಸ ತೆಂಗಿನೆಣ್ಣೆಯ ಘಮಘಮ.

ಅಷ್ಟರಲ್ಲಿ ಮನೆಯ ಅಮ್ಮ ಒಳಗಿನಿಂದ ಬಂದರು. ಕೈಯಲ್ಲಿ ಕಾಫಿ ಲೋಟ.

"ಎಂತ ಟೀಚರ್ರೆ, ಎಣ್ಣೆ ನೋಡುದಾ? ನಾನು ಹಾಕಿದ್ದೇನೆ. ನಮ್ಮದೇ ಕಾಯಿ, ಮೊನ್ನೆ ಗಾಣದಿಂದ ತಂದದ್ದು. ದೀಪ ಮನೆಗೆ ಬಂದದ್ದಲ್ವಾ, ಎಣ್ಣೆ ಹಾಕದೆ ಹಾಗೇ ಕಳಿಸ್ಲಿಕ್ಕೆ ಆಗ್ತದಾ?"

ನನ್ನ ನಾಲಿಗೆಯ ತುದಿಗೆ ಬಂದ ಮಾತು ಶಾಲೆಯ ಮೈದಾನದಲ್ಲಾದರೆ ಮೂರು ಫರ್ಲಾಂಗಿಗೆ ಕೇಳಿಸುತ್ತಿತ್ತು. ಆದರೆ ಅವರ ಮುಖ ನೋಡಿದೆ. ಬೆಳಿಗ್ಗೆ ಎದ್ದು ಮಡಿಸೀರೆ ಉಟ್ಟು, ಲಾಟೀನಿನ ಹಿಡಿಕೆಗೆ ಒಂದು ಮಲ್ಲಿಗೆಯ ತುಂಡನ್ನೂ ಸಿಕ್ಕಿಸಿದ್ದರು. ನಮ್ಮ ಕಡೆ ಯಾವ ಮನೆಯಲ್ಲಾದರೂ ಹೀಗೆಯೇ ಮಾಡುತ್ತಿದ್ದರು. ನನ್ನ ಅಮ್ಮ ಇದ್ದಿದ್ದರೆ ಅವಳೂ ಹಾಕುತ್ತಿದ್ದಳು. ಕಾವಲಿಗೆ ಇದ್ದ ನಾನೇ ಹಂಡೆಯ ಬಿಸಿನೀರಿನ ಆಸೆಗೆ ಬಚ್ಚಲಿನಲ್ಲಿ ಕೂತಿದ್ದೆ. ಇನ್ನು ಅವರಿಗೆ ಏನು ಹೇಳುವುದು?

"ಒಳ್ಳೇದಾಯ್ತಮ್ಮ. ಆದ್ರೆ ಇದರ ಬತ್ತಿ ಎಂತದೋ ಸರಿ ಇಲ್ಲ" ಎಂದೆ.

ಚಳಿಗಾಲದ ಬೆಳಗು. ತೆಂಗಿನೆಣ್ಣೆ ಗಟ್ಟಿಯಾಗಿ ಬತ್ತಿಯನ್ನು ಏರುತ್ತಲೇ ಇರಲಿಲ್ಲ. ಬರ್ನರ್ ಬಿಚ್ಚಿ ಬತ್ತಿ ಬದಲಿಸೋಣವೆಂದರೆ ಅದಕ್ಕೆ ಬೀಗ. ದಾರಿಯಲ್ಲಿ ಯಾರೂ ಬಿಚ್ಚಬಾರದೆಂದು ಹಾಕಿದ ಬೀಗ. ಕೀಲಿ ದರ್ಬೆಯಲ್ಲಿ ಕಾಯುತ್ತಿದ್ದ, ನನ್ನನ್ನು ಒಪ್ಪಿಸಿದ ಅದೇ ಅಧಿಕಾರಿಯ ಕಿಸೆಯಲ್ಲಿ. ಅವರಿಗೆ ಫೋನ್ ಮಾಡಿದೆ. ವಿಷಯ ಹೇಳಿದೆ.

"ನೀವು ತಲೆಬಿಸಿ ಮಾಡ್ಬೇಡಿ ಮೇಡಂ. ಸವಣೂರಲ್ಲಿ ಮಕ್ಕಳು ಬಿಸಿಲಿಗೆ ನಿಲ್ತಾರೆ, ತಡ ಮಾಡ್ಲಿಕ್ಕೆ ಇಲ್ಲ. ಬೆಂಕಿಪೊಟ್ಟಣ ಉಂಟಲ್ವಾ? ಪಂಜು ಹೊತ್ತಿಸಿ ಓಡಿಸಿ. ಯಾರಿಗೆ ಗೊತ್ತಾಗ್ತದೆ?"

ಅವರು ಕೆಟ್ಟವರಲ್ಲ. ಅವರ ಮೇಲೆ ಹತ್ತು ಜನ ಅಧಿಕಾರಿಗಳಿದ್ದರು, ಆ ಹತ್ತೂ ಜನ ಗಡಿಯಾರ ನೋಡುತ್ತಿದ್ದರು. ಗೊತ್ತಾಗುವುದು ಯಾರಿಗೆಂದು ನನಗೆ ಮಾತ್ರ ಗೊತ್ತಿತ್ತು.

ದರ್ಬೆಯಲ್ಲಿ ಕೊನೆಯ ಓಟ ಓಡುವವರು ನನ್ನ ಮಾಸ್ಟ್ರು. ನನಗೆ ಶಾಲೆಯಲ್ಲಿ ಓಟ ಕಲಿಸಿದವರು, ನಿವೃತ್ತರಾಗಿ ಎಷ್ಟೋ ಕಾಲವಾದವರು. ಅವರ ಯೌವನದಲ್ಲಿ ಇಂಥದ್ದೇ ಒಂದು ಜ್ಯೋತಿ ಪುತ್ತೂರಿನ ಮೂಲಕ ಹೋಗಿತ್ತು. ಅವರ ಕೈಗೆ ಬರುವ ಸ್ವಲ್ಪ ಮೊದಲು ಗಾಳಿಗೆ ಪಂಜು ಆರಿತು. ಸಂಘಟಕರೊಬ್ಬರು ಜೀಪಿನ ಹಿಂದೆ ಕೂತು ಕಡ್ಡಿ ಗೀರಿ ಹೊತ್ತಿಸಿ, "ಓಡು, ಬಾಯಿ ಬಿಡ್ಬೇಡ" ಎಂದು ಕೊಟ್ಟರು. ಇವರು ಓಡಿದರು. ಜನ ಚಪ್ಪಾಳೆ ತಟ್ಟಿದರು, ಹೆಂಗಸರು ಆರತಿ ಎತ್ತಿದರು, ಒಬ್ಬ ಅಜ್ಜ ರಸ್ತೆಗೆ ಬಂದು ಕೈಮುಗಿದ. ಆ ಅಜ್ಜ ಕೈಮುಗಿದದ್ದನ್ನು ಹೇಳುವಾಗಲೆಲ್ಲ ಮಾಸ್ಟ್ರು ಮುಖ ಆಚೆ ತಿರುಗಿಸುತ್ತಿದ್ದರು. ಆ ದಿನದ ಫೋಟೋ ಅವರ ಮನೆಯ ಗೋಡೆಯ ಮೇಲೆ ಇಲ್ಲ.

ಜ್ಯೋತಿ ಓಟದ ಚರಿತ್ರೆಯನ್ನು ನಮಗೆ ಹೇಳಿಕೊಟ್ಟದ್ದೂ ಅವರೇ. ಓಟ ಗ್ರೀಸಿನಷ್ಟು ಹಳೆಯದೆಂದು ಎಲ್ಲರೂ ತಿಳಿದಿದ್ದಾರೆ, ಅಲ್ಲ. ಬೆಂಕಿ ಹಳೆಯದು, ಒಲಿಂಪಿಕ್ಸಿಗೆ ಅದನ್ನು ಊರೂರಿಗೆ ಓಡಿಸುವ ಪದ್ಧತಿ ಬರ್ಲಿನ್ನಿನಿಂದ ಶುರು, ಒಬ್ಬ ಸರ್ವಾಧಿಕಾರಿಯ ಕಾಲದಲ್ಲಿ. ಕೆನಡಾದ ಒಲಿಂಪಿಕ್ಸಿನಲ್ಲಿ ಮಳೆಗೆ ಜ್ಯೋತಿ ಆರಿದಾಗ ಯಾರೋ ಸಿಗರೇಟ್ ಲೈಟರಿನಿಂದ ಹೊತ್ತಿಸಿದ್ದರಂತೆ. ಆಮೇಲೆ ಆ ಬೆಂಕಿಯನ್ನು ಬೇಕೆಂದೇ ಆರಿಸಿ, ಕಾದಿಟ್ಟ ಮೂಲ ಬೆಂಕಿಯಿಂದ ಮತ್ತೆ ಹೊತ್ತಿಸಿದರಂತೆ. "ಅವರು ಆರಿಸಿದ್ರು, ನಾನು ಓಡಿದೆ" ಎನ್ನುತ್ತಿದ್ದರು ಮಾಸ್ಟ್ರು.

ಈ ಸಲ ಓಡಬೇಕೆಂದು ಕೇಳಲು ನಾನೇ ಹೋಗಿದ್ದೆ. ಅವರು ಮೊಣಕಾಲು ನೀವಿಕೊಳ್ಳುತ್ತಾ ಹೇಳಿದ್ದು ಒಂದೇ ಮಾತು. "ನೀನೇ ನನ್ನ ಕೈಗೆ ಕೊಡ್ಬೇಕು. ಅದೇ ಬೆಂಕಿಯಾ ಅಂತ ನಾನು ಕೇಳ್ತೇನೆ. ನೀನು ಹೌದು ಹೇಳಿದ್ರೆ ಓಡುದು. ಇಲ್ಲದಿದ್ರೆ ಮನೆಗೆ ಬರುದು, ಅಷ್ಟೇ." ಅಂದಿನಿಂದ ಪ್ರತಿದಿನ ಬೆಳಿಗ್ಗೆ ಮೈದಾನಕ್ಕೆ ಬಂದು, ಕೋಲನ್ನು ಪಂಜಿನ ಹಾಗೆ ಎತ್ತಿ ಹಿಡಿದು ನಿಧಾನಕ್ಕೆ ಓಡಿ ಅಭ್ಯಾಸ ಮಾಡುತ್ತಿದ್ದರು.

ಈಗ ಆ ಬೆಂಕಿ ನನ್ನ ಕಣ್ಣೆದುರಿಗೆ ಸಾಯುತ್ತಿತ್ತು.

"ಅಮ್ಮ, ಒಂದು ದೀಪ ಕೊಡಿ, ಬೇಗ!"

ಅವರು ದೇವರ ಮುಂದಿನ ಎತ್ತರದ ಕಾಲುದೀಪವನ್ನೇ ತಂದಿಟ್ಟರು. ಲಾಟೀನಿನ ಗಾಜು ಎತ್ತಿ, ಎಣ್ಣೆಯಲ್ಲಿ ಅದ್ದಿದ ಬತ್ತಿಯನ್ನು ಆ ನೀಲಿ ಹನಿಗೆ ತಾಗಿಸಿದೆ. ಉಸಿರು ಬಿಟ್ಟರೆ ಆರೀತೆಂದು ಉಸಿರನ್ನೂ ಬಿಡಲಿಲ್ಲ. ಬತ್ತಿ ಚಟಪಟ ಎಂದಿತು, ಹೊಗೆ ಬಂತು, ಹತ್ತಲಿಲ್ಲ. ಇನ್ನೊಮ್ಮೆ ಹಿಡಿದೆ. ಹತ್ತಿತು. ಅದನ್ನು ಕಾಲುದೀಪಕ್ಕೆ ಇಟ್ಟು ತಿರುಗಿ ನೋಡುವುದರೊಳಗೆ ಲಾಟೀನು ತಾನಾಗಿ ತಣ್ಣಗಾಗಿತ್ತು. ಅಬ್ಬಾ! ಒಂದು ಗಳಿಗೆ ತಡವಾಗಿದ್ದರೆ ಮುಗಿದೇ ಹೋಗುತ್ತಿತ್ತು.

ಬೆಂಕಿ ಏನೋ ಉಳಿಯಿತು. ಆದರೆ ಕಾಲುದೀಪ ಜೀಪು ಹತ್ತಬೇಕಲ್ಲ? ಅಂಗಳದಲ್ಲಿ ಜೀಪು ತಿರುಗಿಸಿ ನಿಲ್ಲಿಸಿದ್ದ ಡ್ರೈವರನ್ನು ಕರೆದೆ. ಮೂರು ತಾಲೂಕಿನ ಗುಂಡಿಗಳನ್ನೂ ಹೆಸರಿಟ್ಟು ಕರೆಯಬಲ್ಲ ಮನುಷ್ಯ. ಎಲ್ಲ ಕೇಳಿ ತಲೆ ಕೆರೆದುಕೊಂಡರು.

"ಗ್ಯಾಸಿನ ಪಂಜನ್ನೇ ಹೊತ್ತಿಸಿ ಹಿಡ್ಕೊಳ್ಳಿ ಮಾರಾಯ್ರೆ."

"ಅದು ಸ್ವಲ್ಪ ಹೊತ್ತು ಮಾತ್ರ ಉರಿಯುದು. ಉಳಿದದ್ದು ಮೂರೇ. ಸವಣೂರಿಗೆ ಒಂದು, ದರ್ಬೆಗೆ ಒಂದು, ಮತ್ತೊಂದು ಏನಾದ್ರೂ ಆದ್ರೆ ಅಂತ. ದಾರಿಯಲ್ಲಿ ಉರಿಸಿದ್ರೆ ಓಡುವವರ ಕೈಗೆ ಎಂತ ಕೊಡುದು, ಕೊಳವೆಯಾ?"

ಕಾಲುದೀಪವನ್ನು ಜಗಲಿಯಲ್ಲೇ ಉರಿಯಲು ಬಿಟ್ಟು, ಅದರಿಂದ ಒಂದು ಹಣತೆ ಹಚ್ಚಿ, ಹಣತೆಯನ್ನು ಬಾಲ್ದಿಯೊಳಗೆ ಹೊಯ್ಗೆ ಮರಳಿನ ಮೇಲೆ ಕೂರಿಸಿ, ಪರೀಕ್ಷೆಗೆಂದು ಜೀಪಿನಲ್ಲಿ ಹೊರಟೆವು. ನಾನು ಸೆರಗು ಅಡ್ಡ ಹಿಡಿದು ಬಾಲ್ದಿಯ ಮೇಲೆ ಬಗ್ಗಿ ಕೂತಿದ್ದೆ. ರಬ್ಬರ್ ತೋಟದ ಕಚ್ಚಾ ರಸ್ತೆಯ ಮೊದಲ ತಿರುವಿಗೆ ಎಣ್ಣೆ ಚೆಲ್ಲಿತು. ಎರಡನೆಯದಕ್ಕೆ ಹಣತೆ ಮಗುಚಿತು. ವಾಪಸು ಬಂದೆವು. ಎರಡನೆಯ ಸಲ ಡ್ರೈವರ್ ಆಮೆಯ ಹಾಗೆ ಬಿಟ್ಟರು. ಎಣ್ಣೆ ಚೆಲ್ಲಲಿಲ್ಲ, ಆದರೆ ಗಾಳಿಗೆ ದೀಪ ಆರಿತು. ಹೀಗೆ ಹೋದರೆ ಸವಣೂರು ಮುಟ್ಟುವಾಗ ಸಂಜೆಯಾಗುತ್ತಿತ್ತು, ಮುಟ್ಟುವುದೂ ಬರಿಯ ಬಾಲ್ದಿ.

ಅಧಿಕಾರಿಯ ಫೋನು ಮತ್ತೆ ಬಂತು. ನಾನು ಎತ್ತಲಿಲ್ಲ. ಬೆಂಕಿಪೊಟ್ಟಣ ಡ್ರೈವರಿನ ಕಿಸೆಯಲ್ಲೇ ಇತ್ತು, ಬೀಡಿಯ ಕಟ್ಟಿನ ಪಕ್ಕ ಅದರ ಮೂಲೆ ಕಾಣಿಸುತ್ತಿತ್ತು. ಸುಳ್ಳು ಹೇಳುವುದಿಲ್ಲ, ನಾನು ಅದನ್ನು ಎರಡು ಸಲ ನೋಡಿದೆ. ಮಾಸ್ಟ್ರ ಪ್ರಶ್ನೆಗೆ ಹೌದು ಎಂದುಬಿಟ್ಟರೆ ಅವರು ನಂಬುತ್ತಾರೆ. ಅವರು ನಂಬುತ್ತಾರೆ ಎನ್ನುವುದಕ್ಕೇ ನಾನು ಆ ಕಿಸೆಯಿಂದ ಕಣ್ಣು ತೆಗೆದು ಹಿತ್ತಲಿಗೆ ನಡೆದೆ.

ಮನೆಯ ಹಿಂದೆ ರಬ್ಬರ್ ಶೀಟಿಗೆ ಹೊಗೆ ಕೊಡುವ ಗೂಡು ಇತ್ತು. ಅದರ ಗೋಡೆಗೆ ಒರಗಿಸಿ ತೆಂಗಿನ ಸಿಪ್ಪೆ, ಕಾಯಿ ತೆಗೆದ ಗೆರಟೆ ಚಿಪ್ಪು ರಾಶಿ ಹಾಕಿದ್ದರು. ಒಣಗಿದ ಗೆರಟೆಗಳು ಬೋರಲು ಬಿದ್ದಿದ್ದವು. ನೋಡುತ್ತಾ ನಿಂತವಳಿಗೆ ಸುಳ್ಯದ ನಮ್ಮ ಮನೆ ನೆನಪಾಯಿತು. ಬೆಂಕಿಪೊಟ್ಟಣ ಮುಗಿದ ದಿನ ನನ್ನ ಅಮ್ಮ ನನ್ನ ಕೈಗೆ ಒಂದು ಗೆರಟೆ ಕೊಟ್ಟು ಆಚೆಮನೆಗೆ ಓಡಿಸುತ್ತಿದ್ದಳು. ಅವರ ಒಲೆಯ ಎರಡು ಕೆಂಡವನ್ನು ಗೆರಟೆಯಲ್ಲಿ ಹಾಕಿಸಿಕೊಂಡು, ಗಾಳಿಗೆ ಹಿಡಿದು, ಏರು ಹತ್ತಿ ಓಡಿ ಬರಬೇಕು. ಗಾಳಿಗೆ ದೀಪ ಆರುತ್ತದೆ, ಕೆಂಡ ಇನ್ನಷ್ಟು ಕೆಂಪಾಗುತ್ತದೆ. ಅಯ್ಯೋ ನನ್ನ ಬುದ್ಧಿಯೇ! ಜೀವನದಲ್ಲಿ ಮೊದಲ ರಿಲೇ ಓಟ ಓಡಿದ್ದು ಗೆರಟೆ ಹಿಡಿದುಕೊಂಡೇ ಅಲ್ಲವೇ ನಾನು?

"ಗೆರಟೆಯಲ್ಲಿ ಕೊಂಡೋಗುವ" ಎಂದೆ.

ಡ್ರೈವರ್ ಒಪ್ಪಲಿಲ್ಲ. "ಟೀಚರ್ರೆ, ಅದು ಕೆಂಡ. ಮೇಲಿನವರು ಕೇಳುದು ಜ್ಯೋತಿ. ಜ್ವಾಲೆ ಆರಿದ ಮೇಲೆ ಅದು ಇದ್ದ ಹಾಗಾ, ಹೋದ ಹಾಗಾ?"

ಅದೇ ಪ್ರಶ್ನೆ ನನ್ನನ್ನೂ ಕೊರೆಯುತ್ತಿತ್ತು. ಗೂಡಿನ ಎದುರು ಆಚೆ ಈಚೆ ನಡೆದೆ. ಮಾಸ್ಟ್ರು ಹೇಳಿದ್ದ ಇನ್ನೊಂದು ಸಂಗತಿ ನೆನಪಿಗೆ ಬಂತು. ಅದೇ ಕೆನಡಾದ ಒಲಿಂಪಿಕ್ಸಿಗೆ ಗ್ರೀಸಿನಿಂದ ಬೆಂಕಿ ವಿಮಾನದಲ್ಲಿ ಹೋಗಲೇ ಇಲ್ಲ. ಬೆಂಕಿಯನ್ನು ವಿದ್ಯುತ್ ಸಂಕೇತ ಮಾಡಿ ಉಪಗ್ರಹದ ಮೂಲಕ ಕಳಿಸಿ, ಆಚೆ ಬದಿಯಲ್ಲಿ ಲೇಸರ್ ಕಿರಣದಿಂದ ಹೊತ್ತಿಸಿದ್ದರು.

"ಆಕಾಶದಲ್ಲಿ ಹೋದದ್ದನ್ನು ಅದೇ ಬೆಂಕಿ ಅಂತ ಇಡೀ ಲೋಕ ಒಪ್ಪಿದೆ. ಬೂದಿ ಮುಚ್ಚಿಟ್ಟ ಒಲೆಯನ್ನು ಬೆಳಿಗ್ಗೆ ಊದಿ ಎಬ್ಬಿಸಿದ್ರೆ ಅದು ಬೇರೆ ಬೆಂಕಿ ಅಂತ ನಿಮ್ಮ ಅಮ್ಮ ಯಾವತ್ತಾದ್ರೂ ಹೇಳಿದ್ದುಂಟಾ?"

"ಅದು ಹೌದು" ಎಂದರು ಡ್ರೈವರ್. ಆದರೂ ಮುಖದಲ್ಲಿ ಪೂರ್ತಿ ಒಪ್ಪಿಗೆ ಇರಲಿಲ್ಲ. ನನ್ನ ಮುಖದಲ್ಲಿಯೂ ಇರಲಿಲ್ಲವೆಂದು ಕಾಣುತ್ತದೆ. ತೀರ್ಮಾನ ಮಾಡಿಯಾಗಿತ್ತು. ಮಾಸ್ಟ್ರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ಬೇಕಾದರೆ ಅವರು ಓಡದೆ ಮನೆಗೆ ಹೋಗಲಿ.

ಮನೆಯ ಅಮ್ಮ ಹಳೆಯ ಮಣ್ಣಿನ ಮಡಕೆ ತಂದುಕೊಟ್ಟರು. ತಳಕ್ಕೆ ಬೂದಿ ಹಾಕಿದೆವು. ಕಾಲುದೀಪದಿಂದ ಸಿಪ್ಪೆಯ ನಾರು ಹೊತ್ತಿಸಿ, ನಾರಿನಿಂದ ಗೆರಟೆ ಹೊತ್ತಿಸಿದೆ. ಗೆರಟೆ ಮೊದಲು ಎಣ್ಣೆ ಬಿಟ್ಟು ಭಗ್ಗನೆ ಉರಿಯಿತು. ಆ ಅಬ್ಬರ ಇಳಿದು ಅಂಚಿನವರೆಗೆ ಕೆಂಪಗಾದ ಮೇಲೆ ಇಕ್ಕಳದಿಂದ ಎತ್ತಿ ಮಡಕೆಗೆ ಹಾಕಿ, ಮೇಲೆ ತೆಳ್ಳಗೆ ಬೂದಿ ಎರಚಿದೆ. ಬೂದಿ ಹೆಚ್ಚಾದರೆ ಉಸಿರು ಕಟ್ಟಿ ಸಾಯುತ್ತದೆ, ಕಡಿಮೆಯಾದರೆ ಉರಿದು ಮುಗಿಯುತ್ತದೆ. ಈ ಅಂದಾಜು ನನ್ನ ಕೈಗೆ ಇನ್ನೂ ನೆನಪಿತ್ತು. ದಾರಿಗೆಂದು ಒಣಗೆರಟೆ, ನಾರು ಒಂದು ಗೋಣಿಯಲ್ಲಿ ತುಂಬಿಸಿಕೊಂಡೆ.

"ನಾನು ಈ ದೀಪ ಹೀಗೇ ಇಟ್ಕೊಳ್ತೇನೆ" ಎಂದರು ಅಮ್ಮ, ಕಾಲುದೀಪದ ಬತ್ತಿ ಸರಿಮಾಡುತ್ತಾ. "ನಿಮ್ಮದು ಅಲ್ಲಿ ಮುಟ್ಟಿತು ಅಂತ ಗೊತ್ತಾಗುವವರೆಗೆ ಇದರ ಹತ್ರದಿಂದ ಏಳುದಿಲ್ಲ. ಏನಾದ್ರೂ ಆದ್ರೆ ತಿರುಗಿ ಬನ್ನಿ."

ಆರಿದ ಲಾಟೀನನ್ನೂ ಹಿಂದೆ ಹಾಕಿಕೊಂಡು ಜೀಪು ಹೊರಟಿತು. ಮಡಕೆಯನ್ನು ಗೋಣಿ ಸುತ್ತಿ ಕಾಲುಗಳ ನಡುವೆ ಇರಿಸಿಕೊಂಡಿದ್ದೆ. ಆ ದಾರಿಯಲ್ಲಿ ನಾನು ಒಂದು ಮರ ನೋಡಲಿಲ್ಲ, ಒಂದು ಮನೆ ನೋಡಲಿಲ್ಲ. ಬೂದಿಯ ಬಣ್ಣ ಮಾತ್ರ ನೋಡುತ್ತಿದ್ದೆ. ಬೆಳ್ಳಗಾಗಿ ಕಂಡರೆ ಆರಿತೆಂದು ಹೆದರಿ ಕೆದಕುವುದು, ಕೆದಕಿದರೆ ಕೆಂಪು ಕಂಡು ಸಮಾಧಾನ, ಮರುಕ್ಷಣ ಇಷ್ಟು ಕೆಂಪಾದರೆ ಬೇಗ ಮುಗಿದೀತೆಂದು ಮತ್ತೆ ಹೆದರಿಕೆ. ಒಂದು ಗೆರಟೆ ಕರಗುತ್ತಾ ಬಂದಾಗ ಇನ್ನೊಂದನ್ನು ಅದರ ಮೇಲೆ ಇಡುವುದು. ಹೊಗೆಗೆ ನನಗೂ ಡ್ರೈವರಿಗೂ ಕಣ್ಣಲ್ಲಿ ನೀರು.

"ಟೀಚರ್ರೆ, ಉಂಟಾ?" ಎಂದು ಪ್ರತಿ ತಿರುವಿಗೂ ಅವರು ಕೇಳುತ್ತಿದ್ದರು.

"ಉಂಟು, ಉಂಟು. ನೀವು ರಸ್ತೆ ನೋಡಿ!"

ಸವಣೂರಿನಲ್ಲಿ ಮಕ್ಕಳು ಬಾವುಟ ಹಿಡಿದು ಸಾಲಾಗಿ ನಿಂತಿದ್ದರು. ಬ್ಯಾಂಡು ಬಾರಿಸುತ್ತಿತ್ತು. ಎಲ್ಲರೂ ಹಿತ್ತಾಳೆಯ ಲಾಟೀನು ಬರುತ್ತದೆಂದು ಕಾಯುತ್ತಿದ್ದರೆ ನಾನು ಮುಖಕ್ಕೆಲ್ಲ ಮಸಿ ಬಳಿದುಕೊಂಡು ಮಡಕೆ ಹಿಡಿದು ಇಳಿದೆ. ಬ್ಯಾಂಡು ನಿಂತಿತು. ನಾನು ಯಾರ ಮುಖವನ್ನೂ ನೋಡದೆ ಅಂಗಡಿಯೊಂದರ ಮೆಟ್ಟಿಲಿನ ಮೇಲೆ ಕೂತು ನಾರಿನ ಗೂಡು ಮಾಡಿ, ಕೆಂಡ ಇಟ್ಟು ಊದಿದೆ. ಹೊಗೆ ಬಂತು. ಊದಿದೆ. ಬರಿಯ ಹೊಗೆ. ನಾರಿನಲ್ಲಿ ಪಸೆ ಇತ್ತು. ಕೆಂಡದ ಕೆಂಪು ಮಾಸುತ್ತಿತ್ತು. ತಲೆ ತಿರುಗುವಷ್ಟು ಊದಿದೆ. ಮಡಕೆಯಲ್ಲಿ ಉಳಿದಿದ್ದದ್ದು ಇನ್ನೊಂದೇ ದೊಡ್ಡ ಕೆಂಡ. ಅದನ್ನು ತೆಗೆದು, ಗೋಣಿಯ ತಳದಿಂದ ಒಣನಾರು ಹುಡುಕಿ, ಮುಖವನ್ನು ತೀರ ಹತ್ತಿರ ತಂದು, ಒಂದೇ ಸಮನೆ, ನಿಧಾನಕ್ಕೆ ಊದಿದೆ. ಭಗ್ಗೆಂದಿತು! ನನ್ನ ಹುಬ್ಬಿನ ಕೂದಲು ಚುರ್ರೆಂದಿತು. ಪಂಜು ಹತ್ತಿತು. ಮಕ್ಕಳು ಹೋ ಎಂದು ಕಿರುಚಿದರು. ನನಗೆ ಅಳು ಬಂತು, ಹೊಗೆಯ ನೆಪದಲ್ಲಿ ಅತ್ತುಬಿಟ್ಟೆ.

ಓಟ ಮುಗಿದಲ್ಲಿ, ಪಂಜು ಆರುವ ಮೊದಲೇ ಅದರಿಂದ ಹೊಸ ಗೆರಟೆ ಹೊತ್ತಿಸಿ ಮಡಕೆ ತುಂಬಿಸಿಕೊಂಡು ದರ್ಬೆಗೆ ಹೊರಟೆವು. ಈ ಸಲ ನಾರನ್ನು ಎಂಜಿನಿನ ಬಿಸಿಗೆ ಒಣಗಿಸಿದೆವು.

ದರ್ಬೆಯಲ್ಲಿ ರಸ್ತೆಯ ಎರಡೂ ಬದಿ ಜನ. ಅಧಿಕಾರಿ ಓಡಿ ಬಂದು ಮಡಕೆ ನೋಡಿ ಹಣೆ ಚಚ್ಚಿಕೊಂಡರು. "ಇದನ್ನು ಯಾರಿಗೂ ಹೇಳ್ಬೇಡಿ ಮೇಡಂ" ಎಂದು ಪಿಸುಗುಟ್ಟಿ, ಕೀಲಿ ತೆಗೆದು ಲಾಟೀನು ತೊಳೆಯಲು ಕೂತರು. ಮಾಸ್ಟ್ರು ಬಿಳಿ ಬನಿಯನ್ನು, ಬಿಳಿ ಚಡ್ಡಿ ಹಾಕಿ ನೆಟ್ಟಗೆ ನಿಂತಿದ್ದರು. ಅವರ ಎದುರಿಗೇ ಕೂತು ನಾನು ಊದಿದೆ. ಹತ್ತಿದ ಪಂಜನ್ನು ಎತ್ತಿಕೊಂಡು ಎದ್ದೆ.

ಅವರು ಕೈ ಚಾಚಲಿಲ್ಲ. "ಅದೇ ಬೆಂಕಿಯಾ?" ಎಂದು ಕೇಳಿದರು.

"ಅದೇ ಮಾಸ್ಟ್ರೆ. ಆದ್ರೆ ಲಾಟೀನಿನಲ್ಲಿ ಬರ್ಲಿಲ್ಲ. ಮನೆಯ ಅಮ್ಮ ಪ್ರೀತಿಯಲ್ಲಿ ತೆಂಗಿನೆಣ್ಣೆ ಹಾಕಿದ್ರು, ಲಾಟೀನು ಆರಿತು. ಅದಕ್ಕೆ ಮೊದಲೇ ದೀಪಕ್ಕೆ ತೆಗ್ದಿದ್ದೆ. ಅಲ್ಲಿಂದ ಗೆರಟೆಯಲ್ಲಿ ಬಂತು. ದಾರಿಯಲ್ಲಿ ಜ್ವಾಲೆ ಇರ್ಲಿಲ್ಲ, ಕೆಂಡ ಇತ್ತು. ಊದಿ ಎಬ್ಬಿಸಿದ್ದು ನಾನು. ಇನ್ನು ನೀವೇ ಹೇಳಿ."

ಪಂಜು ಹಿಡಿದ ನನ್ನ ಕೈ ಸೋಲುತ್ತಿತ್ತು. ಗ್ಯಾಸು ಮುಗಿಯುತ್ತದೆಂದು ಅಧಿಕಾರಿ ಆಚೆಯಿಂದ ಸನ್ನೆ ಮಾಡುತ್ತಿದ್ದರು. ಮಾಸ್ಟ್ರು ಬಗ್ಗಿ ಮಡಕೆಯ ಬಾಯಿಯ ಮೇಲೆ ಅಂಗೈ ಹಿಡಿದರು. ಹಿಡಿದು ಹಾಗೇ ಇದ್ದರು.

"ಬೆಂಕಿಪೊಟ್ಟಣ?"

"ಮುಟ್ಲಿಲ್ಲ."

ಅವರು ತಲೆಯೆತ್ತಿ ನನ್ನ ಮುಖವನ್ನು ನೋಡಿದರು. ತುಟಿಯ ಮೂಲೆಯಲ್ಲಿ ನಗು ಬಂತು.

"ನಿನ್ನ ಹುಬ್ಬು ಸುಟ್ಟಿದೆ ಮಾರಾಯ್ತಿ. ಕೊಡು ಇಲ್ಲಿ."

ಓಡಿದರು. ಓಟವೆಂದರೆ ಓಟವಲ್ಲ, ಬಲಗಾಲು ಎಳೆಯುತ್ತಾ ಇಟ್ಟ ಹೆಜ್ಜೆ. ಆದರೆ ಕೈ ಒಮ್ಮೆಯೂ ತಗ್ಗಲಿಲ್ಲ. ಪಕ್ಕದಲ್ಲಿ ಕೈಮುಗಿದ ಹೆಂಗಸೊಬ್ಬಳ ಕಡೆಗೆ ಅವರು ಮುಖ ತಿರುಗಿಸಿ ತಲೆಬಾಗಿದ್ದನ್ನು ನಾನು ನೋಡಿದೆ.

ಮುಗಿಸಿ ಬಂದು ಅಂಗಡಿಯ ಕಟ್ಟೆಯಲ್ಲಿ ನನ್ನ ಪಕ್ಕ ಕೂತು ಏದುಸಿರು ಬಿಡುತ್ತಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ಕಡಬದ ಅಮ್ಮ. ಗಡಿಬಿಡಿಯಲ್ಲಿ ಅವರಿಗೆ ಹೇಳುವುದೇ ಮರೆತಿತ್ತು. ಸ್ಪೀಕರ್ ಹಾಕಿದೆ.

"ಟೀಚರ್ರೆ, ಮುಟ್ಟಿತಾ? ಇಲ್ಲಿ ದೀಪ ಇನ್ನೂ ಉಂಟು. ಊಟಕ್ಕೂ ಏಳ್ಲಿಲ್ಲ ನಾನು."

ಮಾಸ್ಟ್ರು ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಮುಟ್ಟಿತು ಅಮ್ಮ. ಓಡಿದವ, ಟೀಚರ್ರ ಮಾಸ್ಟ್ರು ಮಾತಾಡುದು. ನೀವು ಊಟ ಮಾಡಿ ಇನ್ನು."

ಆಚೆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು. ಆಮೇಲೆ ಸ್ವಲ್ಪ ಅಳುಕಿನಿಂದ, "ಮತ್ತೆ ಮಾಸ್ಟ್ರೆ, ನಾನು ಹಾಕಿದ ಎಣ್ಣೆ ಸಾಕಾಯ್ತಾ?"

ಮಾಸ್ಟ್ರು ನನ್ನ ಮುಖ ನೋಡಿದರು. ಕಡ್ಡಿ ಗೀರಿದ ಒಂದು ಸುಳ್ಳನ್ನು ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡು ಬಂದ ಮನುಷ್ಯ.

"ಸಾಕಾಯ್ತು ಅಮ್ಮ" ಎಂದರು. "ಧಾರಾಳ ಸಾಕಾಯ್ತು."